ಬೀಗವಿಲ್ಲದ ಪೆಟ್ಟಿಗೆ: ಮನೆಗೂ ಕೆಲಸದ ಜಾಗಕ್ಕೂ ಪ್ರಥಮ ಚಿಕಿತ್ಸೆಯ ತಯಾರಿ

ನಾನು ತಗಡಿನ ಕೆಲಸದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನಟ್ಟು, ಬೋಲ್ಟು, ಗ್ರೈಂಡಿಂಗ್ ಚಕ್ರ, ಕೈಗವಸು, ಎಲ್ಲದರ ಲೆಕ್ಕವೂ ನನ್ನದೇ. ಕೆಲಸಕ್ಕೆ ಸೇರಿದ ವಾರವೇ ಗೋಡೆಯ ಮೇಲಿದ್ದ ಫಸ್ಟ್ ಏಡ್ ಬಾಕ್ಸಿನ ಕೀಲಿಯನ್ನೂ ನನ್ನ ಕೈಗೆ ಕೊಟ್ಟರು. "ಪ್ಲಾಸ್ಟರ್ ಎಲ್ಲ ಮನೆಗೆ ತಗೊಂಡು ಹೋಗ್ತಾರಮ್ಮ, ಬೀಗ ಹಾಕಿಡಿ" ಅಂದರು. ಹಾಕಿಟ್ಟೆ.

ಎರಡನೇ ವರ್ಷ ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದಾಗ ಒಬ್ಬ ಹುಡುಗನ ಅಂಗೈ ತಗಡಿನ ಅಂಚಿಗೆ ಸಿಕ್ಕಿ ಸೀಳಿಹೋಯಿತು. ಕೀಲಿ ನನ್ನ ಬ್ಯಾಗಿನಲ್ಲಿತ್ತು. ಜೊತೆಯವರು ಸ್ಕ್ರೂಡ್ರೈವರ್ ಹಾಕಿ ಮೀಟಿ ಬಾಗಿಲು ತೆಗೆದರು. ಒಳಗೆ ಇದ್ದದ್ದು ಒಂದು ಹತ್ತಿಯ ಸುರುಳಿ, ಅರ್ಧ ಬಾಟಲಿ ಕೆಂಪು ಔಷಧಿ, ಅಂಟು ಒಣಗಿಹೋದ ಪ್ಲಾಸ್ಟರ್‌ಗಳು, ಯಾರದೋ ಹಳೆಯ ಕನ್ನಡಕ. ಕೊನೆಗೆ ಒಬ್ಬರು ತಮ್ಮ ಅಂಗಿಯನ್ನೇ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದರು. ಹೊಲಿಗೆ ಬಿತ್ತು, ಕೈ ಉಳಿಯಿತು. ನಾನು ವಾಪಸ್ ಬಂದಾಗ ಮೆಷಿನ್ನಿನಿಂದ ಬಾಕ್ಸಿನವರೆಗೆ ನೆಲದ ಮೇಲೆ ರಕ್ತದ ಹನಿ ಸಾಲಾಗಿ ಬಿದ್ದಿತ್ತು. ಬೀಗದ ಮೇಲೂ ಬೆರಳಿನ ಗುರುತು. ಬೇರೆಯವರು ಓಡಿಬರುವ ಮೊದಲು ಅವನು ತಾನೇ ಅಲ್ಲಿಗೆ ನಡೆದು ಹೋಗಿ ಬೀಗ ಎಳೆದು ನೋಡಿದ್ದ.

ಆ ಬೀಗವನ್ನು ಅವತ್ತೇ ತೆಗೆದೆ. ಮತ್ತೆ ಹಾಕಿಲ್ಲ. ಪ್ಲಾಸ್ಟರ್ ಕಳೆದುಹೋಗುತ್ತವೆ, ನಿಜ. ಹೋಗಲಿ, ಇನ್ನೊಂದು ಡಬ್ಬ ತರಿಸುತ್ತೇನೆ.

ಈ ಬರಹದಲ್ಲಿ ನಾನು ಹೇಳುವುದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ. ಪೆಟ್ಟಿಗೆಯನ್ನು ಜೋಡಿಸುವವರು ನೀವು. ಆದರೆ ಅದನ್ನು ತೆರೆಯುವವರು ಬೇರೆ ಯಾರೋ ಆಗಿರುತ್ತಾರೆ. ಅವರಿಗೆ ಗಾಬರಿಯಾಗಿರುತ್ತದೆ. ಒಂದು ಕೈ ಗಾಯವನ್ನು ಒತ್ತಿ ಹಿಡಿದಿರುತ್ತದೆ. ಓದುವ ಕನ್ನಡಕ ಎಲ್ಲೋ ಇರುತ್ತದೆ. ಅವರಿಗಾಗಿ ಜೋಡಿಸಿ.

ಎಲ್ಲಿಡಬೇಕು, ಯಾವುದರಲ್ಲಿಡಬೇಕು

ಮನೆಗೆ ನಾನು ಗಟ್ಟಿ ಡಬ್ಬಕ್ಕಿಂತ ಜಿಪ್ ಇರುವ ಬ್ಯಾಗನ್ನೇ ಇಷ್ಟಪಡುತ್ತೇನೆ. ಜಿಪ್ ಎಳೆದರೆ ಪುಸ್ತಕದ ಹಾಗೆ ಬಿಚ್ಚಿಕೊಳ್ಳಬೇಕು, ಒಳಗಿನದೆಲ್ಲ ಒಂದೇ ನೋಟಕ್ಕೆ ಕಾಣಬೇಕು. ಆಳವಾದ ಡಬ್ಬವಾದರೆ ಬೇಕಾದ ವಸ್ತು ಯಾವಾಗಲೂ ತಳದಲ್ಲಿರುತ್ತದೆ. ಕೆಲಸದ ಜಾಗದಲ್ಲಿ ಧೂಳು, ಎಣ್ಣೆ ಜಾಸ್ತಿ, ಹಾಗಾಗಿ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬವೇ ಸರಿ. ಆದರೆ ಅದು ಗೋಡೆಯಿಂದ ಸುಲಭವಾಗಿ ಬಿಚ್ಚಿ ಬರಬೇಕು, ಹಿಡಿ ಇರಬೇಕು. ಪೆಟ್ಟಿಗೆ ಗಾಯಗೊಂಡವರ ಹತ್ತಿರ ಹೋಗಬೇಕೇ ಹೊರತು ಗಾಯಗೊಂಡವರು ಪೆಟ್ಟಿಗೆಯ ಹತ್ತಿರ ನಡೆದು ಬರಬಾರದು. ನಮ್ಮ ಹುಡುಗ ನಡೆದು ಬಂದಿದ್ದನಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಪೆಟ್ಟಿಗೆಯ ಮೇಲೆ ಹಸಿರು ಹಿನ್ನೆಲೆಯಲ್ಲಿ ಬಿಳಿ ಪ್ಲಸ್ ಗುರುತು ಹಾಕಿ. ಪ್ರಥಮ ಚಿಕಿತ್ಸೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಗುರುತು ಅದೇ. ಬಿಳಿಯ ಮೇಲೆ ಕೆಂಪು ಗುರುತು ರೆಡ್ ಕ್ರಾಸ್‌ನದು. ಜಿನೀವಾ ಒಪ್ಪಂದಗಳು ಅದನ್ನು ಯುದ್ಧಕಾಲದ ರಕ್ಷಣೆಯ ಚಿಹ್ನೆಯಾಗಿ ಕಾಪಾಡಿಕೊಂಡು ಬಂದಿವೆ, ಎಲ್ಲೆಂದರಲ್ಲಿ ಬಳಸುವ ಹಾಗಿಲ್ಲ.

ಬಚ್ಚಲುಮನೆಯ ಕಪಾಟಿನಲ್ಲಿ ಇಡಬೇಡಿ. ಅಲ್ಲಿನ ತೇವಕ್ಕೆ ಗಾಜ್ ಬಟ್ಟೆಯ ಪೊಟ್ಟಣದ ಅಂಟು ಬಿಡುತ್ತದೆ, ಮಾತ್ರೆಗಳು ಕೆಡುತ್ತವೆ. ಒಲೆಯ ಮೇಲಿನ ಕಪಾಟೂ ಬೇಡ. ಅಡುಗೆಮನೆಯ ಬಾಗಿಲ ಹೊರಗೆ, ದೊಡ್ಡವರ ಭುಜದ ಎತ್ತರಕ್ಕೆ ಇದ್ದರೆ ಒಳ್ಳೆಯದು. ಮನೆಯ ಗಾಯಗಳಲ್ಲಿ ಎಷ್ಟೋ ಅಡುಗೆಮನೆಯಲ್ಲೇ ಆಗುವುದು, ಅಲ್ವಾ?

ಇಲ್ಲಿ ಚಿಕ್ಕ ಮಕ್ಕಳಿರುವವರು ಕೇಳುತ್ತಾರೆ, "ಬೀಗ ಹಾಕದಿದ್ದರೆ ಮಗು ಮಾತ್ರೆ ನುಂಗಿಬಿಟ್ಟರೆ?" ಸರಿಯಾದ ಭಯ. ಇದಕ್ಕೆ ಉಪಾಯ ಸುಲಭ. ಎರಡು ಮಾಡಿ. ಬಟ್ಟೆ, ಪಟ್ಟಿ, ಕತ್ತರಿ ಇರುವ ಬ್ಯಾಗು ಕೈಗೆ ಸಿಗುವಲ್ಲಿ, ಬೀಗವಿಲ್ಲದೆ ಇರಲಿ. ಮಾತ್ರೆ, ಸಿರಪ್‌ಗಳ ಡಬ್ಬ ಬೇರೆ, ಎತ್ತರದಲ್ಲಿ, ಬೀಗದೊಳಗೆ ಇರಲಿ. ರಕ್ತ ಸುರಿಯುವಾಗ ಯಾರಿಗೂ ಮಾತ್ರೆ ಬೇಕಾಗುವುದಿಲ್ಲ.

ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯೊಂದರಲ್ಲೇ ಬ್ಯಾಗು ಇಳಿಸಿ, ತೆರೆದು, ಗಾಜ್ ಪೊಟ್ಟಣ ಹೊರತೆಗೆಯಿರಿ. ಅರ್ಧ ನಿಮಿಷದೊಳಗೆ ಆಗದಿದ್ದರೆ ಜೋಡಣೆ ಬದಲಿಸಿ. ಬ್ಯಾಂಡ್-ಏಡ್ ಹುಟ್ಟಿದ್ದೂ ಇಂಥದ್ದೇ ಯೋಚನೆಯಿಂದ. 1920ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಉದ್ಯೋಗಿ ಅರ್ಲ್ ಡಿಕ್ಸನ್ ಅವರ ಹೆಂಡತಿ ಜೋಸೆಫೀನ್ ಅಡುಗೆಮನೆಯಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದರಂತೆ. ಅವರು ಒಬ್ಬರೇ ಇರುವಾಗಲೂ ಕಟ್ಟಿಕೊಳ್ಳಲು ಆಗಲಿ ಎಂದು ಡಿಕ್ಸನ್ ಅಂಟುಪಟ್ಟಿಯ ಮೇಲೆ ಗಾಜ್ ತುಂಡು ಇಟ್ಟು ತಯಾರು ಮಾಡಿಟ್ಟರು. ಸಹಾಯಕ್ಕೆ ಇನ್ನೊಬ್ಬರು ಇರುವುದಿಲ್ಲ ಎಂದುಕೊಂಡೇ ಯೋಚಿಸಿದ್ದು, ನೋಡಿ.

ಒಳಗೆ ಏನಿರಬೇಕು

ಸ್ಟೋರಿನಲ್ಲಿ ನಾವು ಬೋಲ್ಟುಗಳೆಲ್ಲ ಒಂದು ಕಡೆ, ವಾಷರ್‌ಗಳೆಲ್ಲ ಒಂದು ಕಡೆ ಎಂದು ಇಡುತ್ತೇವೆ. ಮೊದಲು ಈ ಪೆಟ್ಟಿಗೆಯನ್ನೂ ಹಾಗೇ ಜೋಡಿಸಿದ್ದೆ, ಪಟ್ಟಿಗಳೆಲ್ಲ ಒಂದು ಕಡೆ, ಟೇಪೆಲ್ಲ ಇನ್ನೊಂದು ಕಡೆ. ಗಾಬರಿಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಒಂದು ಗಾಯಕ್ಕೆ ಐದು ಮೂಲೆ ಹುಡುಕಬೇಕಾಗುತ್ತಿತ್ತು. ಈಗ ಏನಾಗಿದೆ ಎಂಬುದರ ಮೇಲೆ ಜೋಡಿಸುತ್ತೇನೆ. ನಾಲ್ಕು ಪಾರದರ್ಶಕ ಜಿಪ್ ಚೀಲಗಳು, ಮೇಲೆ ದಪ್ಪ ಅಕ್ಷರದಲ್ಲಿ ಒಂದೊಂದು ಮಾತು: ರಕ್ತ, ಸುಟ್ಟಿದೆ, ಉಸಿರಿಲ್ಲ, ಸಣ್ಣ ಗಾಯ.

"ರಕ್ತ" ಚೀಲ ಎಲ್ಲಕ್ಕಿಂತ ದಪ್ಪ. ಅದರಲ್ಲಿ ಎಲ್ಲಕ್ಕಿಂತ ಮೇಲೆ ಎರಡು ಜೊತೆ ಗ್ಲೌಸ್, ಏಕೆಂದರೆ ಮೊದಲು ಹಾಕಿಕೊಳ್ಳಬೇಕಾದ್ದು ಅದೇ. ನೈಟ್ರೈಲ್ ಗ್ಲೌಸ್ ಇರಲಿ, ಲೇಟೆಕ್ಸ್ ಕೆಲವರಿಗೆ ಅಲರ್ಜಿ ಆಗುತ್ತದೆ. ಆಮೇಲೆ 10 ಸೆಂ.ಮೀ. ಅಳತೆಯ ಸ್ಟೆರೈಲ್ ಗಾಜ್ ಪೊಟ್ಟಣಗಳು ಹತ್ತಾದರೂ, ದಪ್ಪನೆಯ ಡ್ರೆಸಿಂಗ್ ಪ್ಯಾಡ್ ಎರಡು, ಸುರುಳಿ ಬ್ಯಾಂಡೇಜ್ ಎರಡು ಮೂರು, ಒಂದು ಕ್ರೇಪ್ ಬ್ಯಾಂಡೇಜ್, ಟೇಪು, ತುದಿ ಮೊಂಡಾದ ಗಟ್ಟಿ ಕತ್ತರಿ. ಕತ್ತರಿ ಅಂದರೆ ಪ್ಯಾಂಟು, ಬೆಲ್ಟು ಕತ್ತರಿಸುವಂಥದ್ದು. ಉಗುರು ಕತ್ತರಿಸುವ ಪುಟ್ಟ ಕತ್ತರಿ ಇಟ್ಟರೆ ಏನೂ ಉಪಯೋಗವಿಲ್ಲ.

ಇದರ ಜೊತೆ ಎರಡು ತ್ರಿಕೋನ ಬ್ಯಾಂಡೇಜ್ ಇಡಿ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಜರ್ಮನಿಯ ಸೇನಾ ಶಸ್ತ್ರವೈದ್ಯ ಫ್ರೀಡ್ರಿಶ್ ಫಾನ್ ಎಸ್ಮಾರ್ಕ್ 19ನೇ ಶತಮಾನದಲ್ಲಿ ಸೈನಿಕರಿಗೆ ಇದನ್ನು ರೂಢಿ ಮಾಡಿಸಿದರು. ಕಟ್ಟುವ ವಿಧಾನಗಳ ಚಿತ್ರವನ್ನು ಬಟ್ಟೆಯ ಮೇಲೆಯೇ ಅಚ್ಚು ಹಾಕಿಸಿದ್ದರು. ಮುರಿದ ಕೈಗೆ ಜೋಲಿ, ಮಡಿಸಿದರೆ ಅಗಲ ಪಟ್ಟಿ, ಉಂಡೆ ಮಾಡಿದರೆ ಒತ್ತಿ ಹಿಡಿಯುವ ಪ್ಯಾಡ್. ಒಂದೇ ಬಟ್ಟೆ, ಎಷ್ಟು ಕೆಲಸ!

"ಸುಟ್ಟಿದೆ" ಚೀಲದಲ್ಲಿ ಗಾಯಕ್ಕೆ ಅಂಟದ ಡ್ರೆಸಿಂಗ್, ಅಡುಗೆಮನೆಯಲ್ಲಿ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ, ಮತ್ತು ಒಂದು ಕಾರ್ಡು. ಕಾರ್ಡಿನಲ್ಲಿ ಇರುವುದು ಇಷ್ಟೇ: ನಲ್ಲಿ ನೀರು, 20 ನಿಮಿಷ, ಬೇರೇನೂ ಹಚ್ಚಬೇಡಿ.

"ಉಸಿರಿಲ್ಲ" ಚೀಲದಲ್ಲಿ ಬಾಯಿಂದ ಉಸಿರು ಕೊಡುವಾಗ ಅಡ್ಡ ಇಡುವ ಫೇಸ್ ಶೀಲ್ಡ್, ಬೆಳ್ಳಿ ಬಣ್ಣದ ಫಾಯಿಲ್ ಹೊದಿಕೆ, ಸಣ್ಣ ಟಾರ್ಚು, ಸಮಯ ಬರೆದಿಡಲು ಮಾರ್ಕರ್ ಪೆನ್ನು.

"ಸಣ್ಣ ಗಾಯ" ಚೀಲವನ್ನು ಎಲ್ಲಕ್ಕಿಂತ ಮುಂದೆ ಇಡಿ. ದಿನವೂ ಕೈ ಹೋಗುವುದು ಅದಕ್ಕೇ. ಬೇರೆ ಬೇರೆ ಅಳತೆಯ ಪ್ಲಾಸ್ಟರ್, ಚಿಮಟ, ಗಾಯ ಮತ್ತು ಕಣ್ಣು ತೊಳೆಯಲು ಒಮ್ಮೆಗೆ ಬಳಸಿ ಎಸೆಯುವ ಸಲೈನ್ ಪುಟ್ಟ ಬಾಟಲಿಗಳು. ಇದು ಮುಂದಿದ್ದರೆ ಜನ ಉಳಿದ ಮೂರು ಚೀಲ ಕೆದಕುವುದಿಲ್ಲ.

ನಾನು ತೆಗೆದು ಹಾಕಿದ್ದನ್ನೂ ಹೇಳಬೇಕು. ಹತ್ತಿ ಹೋಯಿತು. ಅದರ ಎಳೆಗಳು ಗಾಯದೊಳಗೆ ಅಂಟಿಕೊಳ್ಳುತ್ತವೆ, ಆಮೇಲೆ ಕೀಳುವುದು ನೋವು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಆ ಕೆಂಪು ಔಷಧಿ, ಎಲ್ಲವೂ ಹೋದವು. ಗಾಯದ ಮೇಲೆ ಹಾಕಿದರೆ ಉರಿಯುತ್ತದೆ, ನೊರೆ ಬರುತ್ತದೆ, ಏನೋ ಕೆಲಸ ನಡೆಯುತ್ತಿದೆ ಅನಿಸುತ್ತದೆ. ಆದರೆ ಪೆರಾಕ್ಸೈಡ್, ಸ್ಪಿರಿಟ್‌ಗಳು ಗಾಯ ಮಾಯಿಸಬೇಕಾದ ಜೀವಕೋಶಗಳನ್ನೂ ಕೊಲ್ಲುತ್ತವೆ. ಸಣ್ಣ ಗಾಯವನ್ನು ಕುಡಿಯುವಷ್ಟು ಶುದ್ಧವಾದ ನೀರಿನ ಧಾರೆಯಲ್ಲಿ ಚೆನ್ನಾಗಿ ತೊಳೆದರೆ ಸಾಕು. ಗಾಯ ಆಳವಾಗಿದ್ದರೆ, ಕೊಳೆ ಸೇರಿದ್ದರೆ, ಟೆಟನಸ್ ಇಂಜೆಕ್ಷನ್ ಬೇಕಾ ಎಂದು ವೈದ್ಯರನ್ನು ಅವತ್ತೇ ಕೇಳಿ.

ಮನೆಯ ಮಾತ್ರೆ ಡಬ್ಬದಲ್ಲಿ ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್, ನಿಮ್ಮ ವೈದ್ಯರು ಹೇಳಿದ ಅಲರ್ಜಿ ಮಾತ್ರೆ ಇದ್ದರೆ ಹೆಚ್ಚೂಕಡಿಮೆ ಸಾಕು. ಮಕ್ಕಳಿಗೂ ಹದಿಹರೆಯದವರಿಗೂ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ರೇಸ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ತುಂಬ ಅಪಾಯದ ಕಾಯಿಲೆಗೂ ಅದಕ್ಕೂ ನಂಟಿದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಇನ್ಹೇಲರ್, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಗ್ಲೂಕೋಸ್ ಪೊಟ್ಟಣ, ಇವು ಎಲ್ಲಿವೆ ಎಂದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಕೆಲಸದ ಜಾಗದ ಪೆಟ್ಟಿಗೆಯಲ್ಲಿ ಮಾತ್ರೆಗಳೇ ಬೇಡ. ಯಾರಿಗೆ ಯಾವುದು ಒಗ್ಗುವುದಿಲ್ಲವೋ ನಮಗೆ ಗೊತ್ತಿರುವುದಿಲ್ಲ.

ಮುಚ್ಚಳದ ಒಳಬದಿಗೆ ಒಂದು ಹಾಳೆ ಅಂಟಿಸಿ. ತುರ್ತು ಕರೆಯ ನಂಬರು, ದಿನವಿಡೀ ತೆರೆದಿರುವ ಹತ್ತಿರದ ಆಸ್ಪತ್ರೆ, ಮನೆಯವರ ಅಲರ್ಜಿ ಮತ್ತು ನಿತ್ಯದ ಔಷಧಿಗಳು ಅದರಲ್ಲಿರಲಿ. ಇವೆಲ್ಲಕ್ಕಿಂತ ಮೇಲೆ ನೀವಿರುವ ಜಾಗದ ಪೂರ್ತಿ ವಿಳಾಸ ಬರೆಯಿರಿ. ಎಷ್ಟನೇ ಮಹಡಿ, ಯಾವ ಗೇಟು, ಗುರುತಿಗೆ ಎದುರಿಗೆ ಏನಿದೆ, ಎಲ್ಲವೂ. ನಗಬೇಡಿ. ಫೋನಿನಲ್ಲಿ "ವಿಳಾಸ ಹೇಳಿ" ಅಂದಾಗ ಹತ್ತು ವರ್ಷದಿಂದ ನಮ್ಮಲ್ಲೇ ಕೆಲಸ ಮಾಡುತ್ತಿದ್ದವರೊಬ್ಬರು ತಡವರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೆಲಸದ ಜಾಗ: ಪೆನ್ಸಿಲ್ ಹಿಡಿದು ಒಂದು ಸುತ್ತು

ಅಂಗಡಿಯಲ್ಲಿ ಸಿಗುವ ರೆಡಿ ಕಿಟ್ ತಂದು ನೇತುಹಾಕಿದರೆ ಕೆಲಸ ಮುಗಿಯುವುದಿಲ್ಲ. ಪೆನ್ಸಿಲ್ಲು, ಕಾಗದ ಹಿಡಿದು ಒಂದು ಸುತ್ತು ಬನ್ನಿ. ಒಂದೊಂದು ಮೂಲೆಯಲ್ಲಿ ನಿಂತು ಕೇಳಿಕೊಳ್ಳಿ, ಇಲ್ಲಿ ಕೈಗೆ ಏನಾಗಬಹುದು, ಕಣ್ಣಿಗೆ ಏನಾಗಬಹುದು, ಮೇಲಿಂದ ಏನು ಬೀಳಬಹುದು? ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ, ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಮ್ಮಲ್ಲಿ ತಗಡು ಕತ್ತರಿಸುವ ಶಿಯರಿಂಗ್ ಮೆಷಿನ್ ಹತ್ತಿರ ಬೆರಳಿನ ಭಯ, ಗ್ರೈಂಡರ್ ಹತ್ತಿರ ಕಣ್ಣಿನ ಭಯ, ತಗಡು ತೊಳೆಯುವ ತೊಟ್ಟಿಯ ಹತ್ತಿರ ಕ್ಷಾರದ ಭಯ. ತೊಟ್ಟಿಯ ಪಕ್ಕ ಕಣ್ಣು ತೊಳೆಯುವ ವ್ಯವಸ್ಥೆ ಇರಲೇಬೇಕು. ರಾಸಾಯನಿಕ ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು, ಕಡಿಮೆ ಅಂದರೂ 15 ನಿಮಿಷ ಬಿಡದೆ ನೀರು ಹರಿಸಬೇಕು. ಪುಟ್ಟ ಸಲೈನ್ ಬಾಟಲಿ ಅದಕ್ಕೆ ಏನೇನೂ ಸಾಲದು.

ಕಚೇರಿಯಲ್ಲಿ ಮೆಷಿನ್ ಇಲ್ಲ, ಹಾಗಾಗಿ ಭಯವಿಲ್ಲ ಎಂದುಕೊಳ್ಳುವವರು ಬಹಳ. ಹೃದಯ ನಿಲ್ಲುವುದು, ಗಂಟಲಲ್ಲಿ ತುತ್ತು ಸಿಕ್ಕುವುದು, ಫಿಟ್ಸ್ ಬರುವುದು, ಮೆಟ್ಟಿಲಲ್ಲಿ ಜಾರುವುದು, ಇವಕ್ಕೆಲ್ಲ ಮೆಷಿನ್ ಬೇಕಾಗಿಲ್ಲ.

ಬೆರಳು ತುಂಡಾದರೆ ಏನು ಮಾಡಬೇಕು ಎಂಬುದನ್ನು ಮೆಷಿನ್ ಇರುವ ಕಡೆ ಎಲ್ಲರಿಗೂ ಹೇಳಿಕೊಡಿ. ಮೊದಲು ಮನುಷ್ಯನ ರಕ್ತ ನಿಲ್ಲಿಸಿ. ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಆ ಚೀಲವನ್ನು ಐಸ್ ಮತ್ತು ನೀರು ಇರುವ ಇನ್ನೊಂದು ಚೀಲದಲ್ಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು, ತಾಗಿದರೆ ಮಾಂಸ ಕೆಟ್ಟು ಜೋಡಿಸಲು ಆಗದೆ ಹೋಗಬಹುದು. ನಮ್ಮ "ರಕ್ತ" ಚೀಲದಲ್ಲಿ ಇದಕ್ಕೆಂದೇ ಎರಡು ಖಾಲಿ ಚೀಲಗಳಿವೆ.

ತರಬೇತಿ ಪಡೆದವರು ಎಷ್ಟು ಜನ ಇರಬೇಕು? ನಿಮ್ಮಲ್ಲಿನ ಕಾನೂನು ಒಂದು ಲೆಕ್ಕ ಹೇಳಿರಬಹುದು, ಅದನ್ನು ಪಾಲಿಸಿ. ಅದರ ಮೇಲೆ ನನ್ನದೊಂದು ಲೆಕ್ಕವಿದೆ. ಒಬ್ಬರು ರಜೆಯಲ್ಲಿದ್ದು, ಇನ್ನೊಬ್ಬರಿಗೇ ಗಾಯವಾಗಿದ್ದರೂ ಆ ಪಾಳಿಯಲ್ಲಿ ಮೂರನೆಯವರೊಬ್ಬರು ಉಳಿದಿರಬೇಕು. ರಾತ್ರಿ ಪಾಳಿಗೂ ಇದೇ ಲೆಕ್ಕ.

ತರಬೇತಿ: ಎಷ್ಟು ಹೊತ್ತು ನಿಮ್ಮ ಕೈ ಗೊಂಬೆಯ ಮೇಲೆ?

ಬೀಗದ ಆ ಘಟನೆಯ ನಂತರ ನಾನು ಮೊದಲು ಹೋದ ತರಬೇತಿಯಲ್ಲಿ ನಾಲ್ಕು ಗಂಟೆ ಸ್ಲೈಡ್ ತೋರಿಸಿದರು. ಎದೆ ಒತ್ತುವುದನ್ನು ಕಲಿಯಲು ಮೂವತ್ತು ಜನಕ್ಕೆ ಒಂದೇ ಗೊಂಬೆ. ನನ್ನ ಸರದಿ ಬಂದಾಗ ಒಂದು ನಿಮಿಷವೂ ಸಿಗಲಿಲ್ಲ. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದ್ದು. ಮನೆಗೆ ಬಂದು ದಿಂಬಿನ ಮೇಲೆ ಒತ್ತಿ ನೋಡಿದೆ, ಕೈ ಎಲ್ಲಿಡಬೇಕು ಅನ್ನುವುದೇ ನೆನಪಾಗಲಿಲ್ಲ. ನನಗೆ ನಿಜಕ್ಕೂ ಅಳು ಬಂತು.

ಎರಡನೇ ಸಲ ಸೇರುವ ಮೊದಲು ಫೋನ್ ಮಾಡಿ ಕೇಳಿದೆ. ಎಷ್ಟು ಜನಕ್ಕೆ ಒಂದು ಗೊಂಬೆ? ಒಬ್ಬೊಬ್ಬರೂ ಎಷ್ಟು ಹೊತ್ತು ಒತ್ತಬೇಕು? ಹೃದಯಕ್ಕೆ ಶಾಕ್ ಕೊಡುವ ಎಇಡಿ ಮೆಷಿನ್ ಕೈಗೆ ಕೊಡುತ್ತೀರಾ? ಬ್ಯಾಂಡೇಜ್ ನಾವೇ ಕಟ್ಟುತ್ತೇವಾ? ನೀವೂ ಇವನ್ನೇ ಕೇಳಿ. ಈ ಸಲ ಹೇಳಿಕೊಟ್ಟವರು ನಮ್ಮನ್ನು ಬೆವರು ಇಳಿಯುವವರೆಗೆ ಒತ್ತಿಸಿದರು. "ಇನ್ನೂ ಆಳ, ಇನ್ನೂ ಆಳ" ಅನ್ನುತ್ತಲೇ ಇದ್ದರು. 5 ಸೆಂ.ಮೀ. ಎಂದು ಹಾಳೆಯಲ್ಲಿ ಓದುವುದೇ ಬೇರೆ, ಒತ್ತಿ ನೋಡುವುದೇ ಬೇರೆ. ಇಷ್ಟು ಬಲ ಹಾಕಬೇಕಾ ಅಂತ ಆಶ್ಚರ್ಯವಾಗುತ್ತದೆ.

ಆ ಗೊಂಬೆಗೂ ಒಂದು ಕಥೆಯಿದೆ. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ 1960ರಲ್ಲಿ ಅದನ್ನು ತಂದರು. ನೀರಿನಲ್ಲಿ ಮುಳುಗುತ್ತಿದ್ದ ತಮ್ಮ ಪುಟ್ಟ ಮಗನನ್ನು ಒಮ್ಮೆ ಅವರೇ ಉಳಿಸಿಕೊಂಡಿದ್ದರು. ಎದೆ ಒತ್ತುವ ವಿಧಾನದ ಬಗ್ಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು, ಸಂಶೋಧಕರು ಬರೆದದ್ದೂ 1960ರಲ್ಲೇ. ಸಾಮಾನ್ಯ ಜನರೂ ಕಲಿಯಬಹುದಾದ ಕೆಲಸ ಎಂದು ಅಂದೇ ಅನ್ನಿಸಿದ್ದರಿಂದ ತಾನೇ ಗೊಂಬೆ ಹುಟ್ಟಿದ್ದು?

ಸರ್ಟಿಫಿಕೇಟ್ ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷ ನಡೆಯುತ್ತದೆ. ಕೈಯ ನೆನಪು ಅಷ್ಟು ದಿನ ನಡೆಯುವುದಿಲ್ಲ, ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಅದಕ್ಕೇ ನಡುನಡುವೆ ಅಭ್ಯಾಸ ಬೇಕು.

ಬಾಯಿಪಾಠ ಆಗಿರಬೇಕಾದ ನಾಲ್ಕು ಸಂಗತಿ

ಪುಸ್ತಕ ತೆಗೆದು ಓದುವಷ್ಟು ಸಮಯ ಸಿಗುವ ತೊಂದರೆಗಳು ಬಹಳ ಇವೆ. ಮೂಗಿನಿಂದ ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಹಿಡಿದರಾಯಿತು. ಕಾಲು ಉಳುಕಿದರೆ ಸ್ವಲ್ಪ ಕಾಯಬಹುದು. ಆದರೆ ಈ ನಾಲ್ಕಕ್ಕೆ ಸಮಯ ಇರುವುದಿಲ್ಲ.

ಜೋರು ರಕ್ತ. ಗಾಯದ ಮೇಲೆ ನೇರವಾಗಿ, ಗಟ್ಟಿಯಾಗಿ ಒತ್ತಿ. ನಿಂತಿತಾ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಪ್ಯಾಡ್ ನೆನೆದರೆ ಅದರ ಮೇಲೆ ಇನ್ನೊಂದು ಇಟ್ಟು, ಇನ್ನೂ ಗಟ್ಟಿಯಾಗಿ ಒತ್ತಿ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅದರ ಎರಡೂ ಪಕ್ಕ ಒತ್ತಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಟೂರ್ನಿಕೆಟ್, ಅಂದರೆ ರಕ್ತ ಹರಿಯದ ಹಾಗೆ ಬಿಗಿಯುವ ಪಟ್ಟಿ. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ ಕಟ್ಟಬೇಕು, ಕೀಲಿನ ಮೇಲೆ ಕಟ್ಟಬಾರದು, ಕಟ್ಟಿದ ಸಮಯ ಬರೆಯಬೇಕು, ಆಸ್ಪತ್ರೆ ತಲುಪುವವರೆಗೆ ಸಡಿಲಿಸಬಾರದು. ಇದನ್ನು ತರಬೇತಿಯಲ್ಲಿ ಕೈಯಾರೆ ಕಲಿಯಿರಿ. ಮೆಷಿನ್ ಇರುವ ಜಾಗದ ಪೆಟ್ಟಿಗೆಯಲ್ಲಿ ಒಂದು ಒಳ್ಳೆಯ ಟೂರ್ನಿಕೆಟ್ ಇರಲಿ.

ಸುಟ್ಟ ಗಾಯ. ಹೋದ ವರ್ಷ ನಮ್ಮ ಅತ್ತೆಯವರ ಮುಂಗೈ ಮೇಲೆ ಕುದಿಯುವ ನೀರು ಚೆಲ್ಲಿತು. ಮನೆಯಲ್ಲಿ ಇದ್ದವನು ನನ್ನ ಒಂಬತ್ತು ವರ್ಷದ ಮಗ ಮಾತ್ರ. ಅತ್ತೆ ಟೂತ್‌ಪೇಸ್ಟ್ ತರಲು ಹೊರಟರಂತೆ. ಇವನು "ಬೇಡ ಅಜ್ಜಿ, ನೀರು, 20 ನಿಮಿಷ" ಎಂದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ಕೈ ಊದುವ ಮೊದಲೇ ಉಂಗುರ ತೆಗೆಸಿ, ನನಗೆ ಫೋನ್ ಮಾಡಿ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಂತಿದ್ದ. ಹತ್ತು ನಿಮಿಷಕ್ಕೆ ಅತ್ತೆ "ಸಾಕು ಕಣೋ" ಅಂದರೂ ಬಿಡಲಿಲ್ಲವಂತೆ. ಅವನು ಮಾಡಿದ್ದರಲ್ಲಿ ತಿದ್ದುವುದು ಏನೂ ಇಲ್ಲ. ತಣ್ಣನೆಯ ಹರಿಯುವ ನೀರು ಇರಲಿ. ಐಸ್, ಪೇಸ್ಟ್, ಎಣ್ಣೆ, ಮುಲಾಮು ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ, ಅಂಟಿಕೊಂಡ ಬಟ್ಟೆ ಕೀಳಬೇಡಿ. ತಣಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಮೇಲೆ ಹಾಸಿ, ಬಿಗಿದು ಸುತ್ತಬೇಡಿ. ಸುಟ್ಟ ಜಾಗ ಆ ವ್ಯಕ್ತಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲುಗಳ ಮೇಲಿದ್ದರೆ, ಅಥವಾ ಸುಟ್ಟವರು ಮಗುವಾಗಿದ್ದರೆ ಆಸ್ಪತ್ರೆಗೆ ಹೋಗಿ.

ಗಂಟಲಲ್ಲಿ ಸಿಕ್ಕುವುದು. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಧ್ವನಿಯೇ ಬರುತ್ತಿಲ್ಲ, ಕೆಮ್ಮು ಬರುತ್ತಿಲ್ಲ ಅಂದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಗುದ್ದು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ಹೊಟ್ಟೆ ಒತ್ತುವ ಈ ವಿಧಾನವನ್ನು 1974ರಲ್ಲಿ ಹೆನ್ರಿ ಹೈಮ್ಲಿಕ್ ಎಂಬ ವೈದ್ಯರು ಮುಂದಿಟ್ಟರು. ಒಂದು ವರ್ಷದೊಳಗಿನ ಮಗುವಿನ ಹೊಟ್ಟೆ ಒತ್ತಲೇಬಾರದು. ತಲೆ ಕೆಳಗೆ ಬರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5, ಆಮೇಲೆ ಅಂಗಾತ ತಿರುಗಿಸಿ ಎದೆಗೆ 5. ಬಾಯೊಳಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ. ಅದು ಇನ್ನೂ ಒಳಗೆ ಹೋಗುತ್ತದೆ.

ಹೃದಯ ನಿಂತರೆ. ಭುಜ ಅಲುಗಾಡಿಸಿ ಕೂಗಿ. ಉತ್ತರವಿಲ್ಲ, ಉಸಿರು ಸರಿಯಾಗಿಲ್ಲ ಅಂದರೆ ತಕ್ಷಣ ಶುರು. ಬಿಟ್ಟು ಬಿಟ್ಟು ಗೊರಗೊರ ಎಂದು ಎಳೆಯುವುದು ಉಸಿರಲ್ಲ, ಅದನ್ನು ನೋಡಿ ಸುಮ್ನೆ ಕೂರಬೇಡಿ. ಫೋನನ್ನು ಸ್ಪೀಕರ್‌ಗೆ ಹಾಕಿ ತುರ್ತು ನಂಬರಿಗೆ ಕರೆ ಮಾಡಿ, ಇನ್ನೊಬ್ಬರನ್ನು ಎಇಡಿ ತರಲು ಓಡಿಸಿ. ಎದೆಯ ನಡುವೆ ಒಂದು ಕೈಯ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲಿ. ತರಬೇತಿ ಆಗಿದ್ದರೆ 30 ಸಲ ಒತ್ತಿ 2 ಉಸಿರು, ಆಗಿಲ್ಲದಿದ್ದರೆ ಒತ್ತುತ್ತಲೇ ಇರಿ. ಪಕ್ಕೆಲುಬು ಲಟಕ್ ಅನ್ನಬಹುದು. ನಿಲ್ಲಿಸಬೇಡಿ, ಅದು ಕೂಡಿಕೊಳ್ಳುತ್ತದೆ. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಸುಸ್ತಾದ ಕೈ ಆಳಕ್ಕೆ ಹೋಗುವುದಿಲ್ಲ. ಎಇಡಿ ಬಂದರೆ ಹೆದರಬೇಡಿ. ಸ್ವಿಚ್ ಒತ್ತಿದರೆ ಅದೇ ಮಾತಾಡಿ ಹೇಳಿಕೊಡುತ್ತದೆ, ಶಾಕ್ ಬೇಕಿಲ್ಲದವರಿಗೆ ಕೊಡುವುದಿಲ್ಲ. ಹೃದಯ ನಿಂತು 4ರಿಂದ 6 ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಶುರುವಾಗುತ್ತದೆ. ಆಂಬ್ಯುಲೆನ್ಸ್ ಅಷ್ಟರೊಳಗೆ ಬರುವುದು ಅಪರೂಪ. ಆ ನಿಮಿಷಗಳು ಪಕ್ಕದಲ್ಲಿ ಇದ್ದವರ ಕೈಯಲ್ಲಿವೆ.

ತಿಂಗಳಿಗೆ ಹತ್ತು ನಿಮಿಷ

ಪ್ರತಿ ತಿಂಗಳ ಮೊದಲ ಕೆಲಸದ ದಿನ ನಾನು ಪೆಟ್ಟಿಗೆ ತೆರೆಯುತ್ತೇನೆ. ಎಕ್ಸ್‌ಪೈರಿ ತಾರೀಖು, ಹರಿದ ಪೊಟ್ಟಣ, ಟಾರ್ಚಿನ ಸೆಲ್ಲು, ಎಇಡಿಯ ಹಸಿರು ದೀಪ. ಎಇಡಿಯ ಪ್ಯಾಡ್‌ಗೂ ಬ್ಯಾಟರಿಗೂ ಎಕ್ಸ್‌ಪೈರಿ ಇರುತ್ತದೆ, ಬಹಳ ಜನ ಮರೆಯುತ್ತಾರೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಮೇಜಿನ ಮೇಲೆ ಸುರಿದು ಹೊಸದಾಗಿ ಜೋಡಿಸುತ್ತೇನೆ. ಸೆಪ್ಟೆಂಬರ್‌ನ ಎರಡನೇ ಶನಿವಾರ ವಿಶ್ವ ಪ್ರಥಮ ಚಿಕಿತ್ಸಾ ದಿನ. ಆ ದಿನಕ್ಕೆ ಇದನ್ನು ಗಂಟು ಹಾಕಿಕೊಂಡರೆ ಮರೆಯುವುದಿಲ್ಲ.

ಆಮೇಲೆ ಅಣಕು ಅಭ್ಯಾಸ. ಯಾರಿಗಾದರೂ ಒಂದು ಚೀಟಿ ಕೊಡುತ್ತೇನೆ, "ನಿಮ್ಮ ಎಡ ಅಂಗೈ ಸೀಳಿದೆ" ಎಂದು. ಅವರು ಕೂಗಬೇಕು. ನಾನು ಗಡಿಯಾರ ಹಿಡಿದು ನಿಲ್ಲುತ್ತೇನೆ. ಗಾಜ್ ಗಾಯಕ್ಕೆ ತಾಗುವವರೆಗೆ ಎಷ್ಟು ಹೊತ್ತು? ಮೊದಲ ಸಲ ನಾಲ್ಕು ನಿಮಿಷ ಹಿಡಿಯಿತು. ಅರ್ಧ ಸಮಯ ಯಾರು ಹೋಗಬೇಕು ಎನ್ನುವುದರಲ್ಲೇ ಕಳೆದಿತ್ತು. ಈಗ ಹತ್ತಿರ ಇದ್ದವರು ಬೆರಳು ತೋರಿಸಿ ಹೇಳುತ್ತಾರೆ, "ನೀನು ಪೆಟ್ಟಿಗೆ ತಾ, ನೀನು ಫೋನ್ ಮಾಡು, ನೀನು ಗೇಟ್ ಹತ್ತಿರ ನಿಲ್ಲು." ಈಗ ಒಂದು ನಿಮಿಷದೊಳಗೆ ಆಗುತ್ತಿದೆ. ಮನೆಯಲ್ಲೂ ಇದನ್ನೇ ಮಾಡುತ್ತೇವೆ. ಮಗನಿಗೆ 20 ನಿಮಿಷದ ನೀರು ಗೊತ್ತಾಗಿದ್ದು ಹೀಗೇ.

ಬಳಸಿದ್ದನ್ನು ತುಂಬುವುದು ಎಲ್ಲೆಡೆ ತಪ್ಪಿಹೋಗುವ ಕೆಲಸ. ನಾನು ಮೊದಲು ಒಂದು ರಿಜಿಸ್ಟರ್ ಇಟ್ಟಿದ್ದೆ, ಹೆಸರು, ಸಹಿ ಎಲ್ಲ ಬರೆಯಬೇಕಿತ್ತು. ಯಾರೂ ಬರೆಯಲಿಲ್ಲ. ಹೆಸರು ಬರೆದರೆ ಬೈಗುಳ ಬರುತ್ತದೆ ಎಂಬ ಹೆದರಿಕೆ. ಅಪಘಾತ ಆದರೆ ಅದರ ದಾಖಲೆ ಬೇರೆ ಪುಸ್ತಕದಲ್ಲಿ ಆಗಲೇಬೇಕು, ಅದು ನನ್ನ ಮತ್ತು ಸೂಪರ್‌ವೈಸರ್ ಕೆಲಸ. ಪೆಟ್ಟಿಗೆಯೊಳಗೆ ಈಗ ಒಂದು ಚೀಟಿ ಪ್ಯಾಡು, ದಾರ ಕಟ್ಟಿದ ಪೆನ್ಸಿಲ್ಲು ಅಷ್ಟೇ ಇದೆ. "ಏನು ತೆಗೆದಿರಿ, ಎಷ್ಟು. ಹೆಸರು ಬೇಡ." ಈಗ ಬರೆಯುತ್ತಾರೆ. "ರಕ್ತ", "ಸುಟ್ಟಿದೆ", "ಉಸಿರಿಲ್ಲ" ಚೀಲಗಳ ಜಿಪ್ ಮೇಲೆ ಒಂದು ತುಂಡು ಕಾಗದದ ಟೇಪು ಅಂಟಿಸಿದ್ದೇನೆ. ಒಂದೇ ಎಳೆತಕ್ಕೆ ಹರಿಯುತ್ತದೆ, ಯಾರನ್ನೂ ತಡೆಯುವುದಿಲ್ಲ. ಬೆಳಿಗ್ಗೆ ಸ್ಟೋರ್ ಬಾಗಿಲು ತೆಗೆಯುವ ಮೊದಲು ಆ ಟೇಪುಗಳ ಕಡೆ ಕಣ್ಣು ಹಾಯಿಸುತ್ತೇನೆ. ಹರಿದಿದ್ದರೆ ಬೇರೆ ಕೆಲಸ ಮುಟ್ಟುವ ಮೊದಲು ಆ ಚೀಲ ತುಂಬಿ, ಹೊಸ ಟೇಪು ಅಂಟಿಸಿ, ಯಾರಿಗೆ ಏನಾಯಿತು, ಈಗ ಹೇಗಿದ್ದಾರೆ ಎಂದು ಕೇಳಿಕೊಂಡು ಬರುತ್ತೇನೆ.